ಬಾದಾಮಿ ಕಲ್ಲಿನೊಳಗೆ ಬಿಸಿಯನ್ನು ಕೂಡಿಡಬಹುದೇ?

(ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಕ್ಕರೆ ಕಾರ್ಖಾನೆಯ ನೌಕರರು ಮತ್ತು ಸುತ್ತಲಿನ ರೈತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ 40 ಡಿಗ್ರಿ ಬಿಸಿಲಿದೆ. ಇಂಥ ಹೊತ್ತಿನಲ್ಲಿ ಬಾಗಲಕೋಟೆಯಲ್ಲಿ ನಿಂತು ಬಿಸಿಯನ್ನು ಕೂಡಿಡೋಣ ಎಂದರೆ ಯಾರಿಗಾದರೂ ಆಶ್ಚರ್ಯ ಆಗುತ್ತದೆ. ನಮಗೆ ಬೇಕಾಗಿರುವುದು ತಂಪು, ಬಿಸಿ ಯಾಕೆ ಅಂತ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಇದೆ. ಆದರೆ ಅದನ್ನು ಹೇಳುವ ಮೊದಲು ಬರ್ಲಿನ್‌ಗೆ ಹೋಗಿ ಬರಬೇಕು. ಆಮೇಲೆ ಬಾದಾಮಿಯ ಗುಡ್ಡ ಹತ್ತಬೇಕು.

ಬರ್ಲಿನ್‌ನಲ್ಲಿ ಜರ್ಮನಿಯ ಸಂಸತ್ ಭವನ ಇದೆ. ರೈಕ್‌ಸ್ಟಾಗ್ ಎಂದು ಅದರ ಹೆಸರು. ಹಳೆಯ ಕಟ್ಟಡವನ್ನು ಪೂರ್ತಿ ನವೀಕರಿಸಿ 1999ರಲ್ಲಿ ತೆರೆದರು. ಅದರ ಗಾಜಿನ ಗುಮ್ಮಟವನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ನನಗೆ ಮುಖ್ಯವಾಗಿರುವುದು ಅದರ ಕೆಳಗಿನ ನೆಲ. ಅಲ್ಲಿ ಸುಮಾರು 300 ಮೀಟರ್ ಆಳದಲ್ಲಿ ಮರಳುಗಲ್ಲಿನ ಒಂದು ಪದರ ಇದೆ. ಅದರ ತುಂಬಾ ಉಪ್ಪು ನೀರು. ಸಂಸತ್ತಿನ ಕಟ್ಟಡಗಳಿಗೆ ಕರೆಂಟ್ ಕೊಡಲು ಸಸ್ಯದ ಎಣ್ಣೆಯಿಂದ ಮಾಡಿದ ಡೀಸೆಲ್‌ನಲ್ಲಿ ಓಡುವ ಎಂಜಿನ್‌ಗಳನ್ನು ಕೂಡಿಸಿದರು. ಎಂಜಿನ್ ಓಡಿದರೆ ಕರೆಂಟಿನ ಜೊತೆ ಬಿಸಿಯೂ ಬರುತ್ತದೆ. ಬೇಸಿಗೆಯಲ್ಲಿ ಆ ಬಿಸಿ ಯಾರಿಗೂ ಬೇಡ. ಆಗ ಒಂದು ಬಾವಿಯಿಂದ ಉಪ್ಪು ನೀರನ್ನು ಮೇಲೆತ್ತುತ್ತಾರೆ. ಎರಡು ನೀರು ಬೆರೆಯದೆ ಬಿಸಿ ಮಾತ್ರ ದಾಟುವ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಅದನ್ನು 70 ಡಿಗ್ರಿವರೆಗೆ ಕಾಯಿಸುತ್ತಾರೆ. ಇನ್ನೊಂದು ಬಾವಿಯಿಂದ ಅದೇ ಪದರಕ್ಕೆ ವಾಪಸ್ ಇಳಿಸುತ್ತಾರೆ. ಚಳಿಗಾಲ ಬಂದಾಗ ದಿಕ್ಕು ತಿರುಗುತ್ತದೆ. ಬಿಸಿ ಬಾವಿಯಿಂದ ಎತ್ತಿ, ಕಟ್ಟಡಗಳಿಗೆ ಶಾಖ ಕೊಟ್ಟು, ಆರಿದ ನೀರನ್ನು ಮೊದಲಿನ ಬಾವಿಗೆ ಬಿಡುತ್ತಾರೆ. ಅದೇ ಜಾಗದಲ್ಲಿ ಸುಮಾರು 60 ಮೀಟರ್ ಆಳದಲ್ಲಿ ಇನ್ನೊಂದು ಪದರ ಇದೆ. ಅದರಲ್ಲಿ ಚಳಿಗಾಲದ ತಂಪನ್ನು ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ.

ಇಲ್ಲಿ ನೀರು ಖರ್ಚಾಗುವುದಿಲ್ಲ ಎಂಬುದನ್ನು ಗಮನಿಸಿ. ಎಷ್ಟು ಎತ್ತುತ್ತಾರೋ ಅಷ್ಟನ್ನೂ ಹಿಂದಕ್ಕೆ ಹಾಕುತ್ತಾರೆ. ನೀರು ಬಿಸಿಯನ್ನು ಹೊತ್ತು ತಿರುಗುವ ಆಳು ಮಾತ್ರ.

ಇದು ಹೇಗೆ ಸಾಧ್ಯ? ಬಿಸಿ ನೀರನ್ನು ನೆಲಕ್ಕೆ ಬಿಟ್ಟರೆ ನಾಲ್ಕು ದಿನದಲ್ಲಿ ಆರಿ ಹೋಗುವುದಿಲ್ಲವೇ? ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ಇಡುವ ಹಗೇವು ಇರುತ್ತಿತ್ತು, ಹಿರಿಯರಿಗೆ ನೆನಪಿದೆ. ನೆಲದಲ್ಲಿ ತೋಡಿದ ದೊಡ್ಡ ಗುಂಡಿ. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಎಳೆಯುತ್ತಿದ್ದರು. ಗೋಡೆಗೆ ತಾಗಿದ ಜೋಳ ಸ್ವಲ್ಪ ಮುಗ್ಗುತ್ತಿತ್ತು. ನಡುವಿನ ಜೋಳಕ್ಕೆ ಏನೂ ಆಗುತ್ತಿರಲಿಲ್ಲ. ಹಗೇವು ದೊಡ್ಡದಾದಷ್ಟೂ ಕೆಡುವ ಪಾಲು ಕಡಿಮೆ. ಬಿಸಿಯ ಲೆಕ್ಕವೂ ಇದೇ. ಬಿಸಿ ಸೋರುವುದು ಅಂಚಿನಿಂದ, ಉಳಿಯುವುದು ಹೊಟ್ಟೆಯಲ್ಲಿ.

ಕಲ್ಲಿನಲ್ಲಿ ಬಿಸಿ ಬಹಳ ನಿಧಾನವಾಗಿ ಹರಡುತ್ತದೆ. ನೀರು ತುಂಬಿದ ಸಾಮಾನ್ಯ ಮರಳುಗಲ್ಲಿನಲ್ಲಿ ಆರು ತಿಂಗಳಿಗೆ ಅದು ದಾಟುವ ದೂರ ಹೆಚ್ಚುಕಡಿಮೆ 4 ಮೀಟರ್. ನೀವು 5 ಮೀಟರ್ ಅಗಲದ ಕಲ್ಲನ್ನು ಕಾಯಿಸಿಟ್ಟರೆ ಆರು ತಿಂಗಳಲ್ಲಿ ಬಹುತೇಕ ಎಲ್ಲಾ ಹೋಗುತ್ತದೆ. 100 ಮೀಟರ್ ಅಗಲದ್ದನ್ನು ಕಾಯಿಸಿದರೆ ಅಂಚಿನ ಕೆಲವು ಮೀಟರ್ ಮಾತ್ರ ಹೋಗುತ್ತದೆ. ಹಾಗಾಗಿ ಈ ಕೆಲಸವನ್ನು ಒಂದು ಮನೆಗೆ ಮಾಡಲು ಆಗುವುದಿಲ್ಲ. ಮಾಡಿದರೆ ಒಂದು ಬಡಾವಣೆಗೆ, ಒಂದು ಕಾರ್ಖಾನೆಗೆ ಮಾಡಬೇಕು.

ಒಂದು ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಳ್ಳಿ. 20 ಮೀಟರ್ ದಪ್ಪದ ಮರಳುಗಲ್ಲಿನ ಪದರ. ಬಾವಿಯ ಸುತ್ತ 50 ಮೀಟರ್ ತ್ರಿಜ್ಯದಷ್ಟು ಜಾಗವನ್ನು ಕಾಯಿಸಿದ್ದೇವೆ. ಒಟ್ಟು ಗಾತ್ರ ಸುಮಾರು 1,57,000 ಘನ ಮೀಟರ್. ಐದರಲ್ಲಿ ಒಂದು ಪಾಲು ನೀರು, ಉಳಿದದ್ದು ಕಲ್ಲು ಎಂದುಕೊಳ್ಳಿ. ಇಂಥ ಒಂದು ಘನ ಮೀಟರನ್ನು ಒಂದು ಡಿಗ್ರಿ ಏರಿಸಲು ಸುಮಾರು 2.5 ಮೆಗಾಜೂಲ್ ಬೇಕು. 40 ಡಿಗ್ರಿ ಏರಿಸಿದರೆ 100 ಮೆಗಾಜೂಲ್, ಅಂದರೆ ಸುಮಾರು 28 ಯೂನಿಟ್. ಪೂರ್ತಿ ಗಾತ್ರಕ್ಕೆ 44 ಲಕ್ಷ ಯೂನಿಟ್ ಆಗುತ್ತದೆ. ಇದು ಬಿಸಿಯ ಯೂನಿಟ್, ಕರೆಂಟಿನದಲ್ಲ. ಆದರೂ ಎಷ್ಟು ದೊಡ್ಡ ಗಂಟು ನೋಡಿ. ಇಷ್ಟನ್ನು ಇಡಲು ನೆಲದ ಮೇಲೆ ಟ್ಯಾಂಕ್ ಕಟ್ಟಲು ಹೋದರೆ ಅದು ಕೆರೆಯಷ್ಟಾಗುತ್ತದೆ. ಇಲ್ಲಿ ಮೇಲೆ ಕಾಣುವುದು ಎರಡು ಬಾವಿಯ ತಲೆ ಮಾತ್ರ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಮೂರರಲ್ಲಿ ಎರಡು ಪಾಲು ಬಿಸಿ ಕೂತಿರುವುದು ನೀರಿನಲ್ಲಿ ಅಲ್ಲ, ಮರಳಿನ ಕಾಳುಗಳಲ್ಲಿ. ನೀರು ಸಂದುಗಳಲ್ಲಿ ಹರಿಯುತ್ತಾ ಕಾಳುಗಳಿಗೆ ಬಿಸಿ ಕೊಟ್ಟು ಮುಂದೆ ಹೋಗುತ್ತದೆ. ಹಾಗಾಗಿ ನೀರು ಮುಂದೆ ಹೋದರೂ ಬಿಸಿ ಹಿಂದೆಯೇ ಉಳಿಯುತ್ತದೆ. ಈ ಕೆಲಸಕ್ಕೆ ಕಲ್ಲು ಸಂದುಸಂದಾಗಿ, ಎಲ್ಲಾ ಕಡೆ ಒಂದೇ ಸಮ ಇರಬೇಕು. ಎಲ್ಲೋ ಒಂದು ಕಡೆ ದೊಡ್ಡ ಬಿರುಕು ಇದ್ದರೆ ನೀರು ಅದರಲ್ಲೇ ಓಡುತ್ತದೆ, ಕಾಳುಗಳನ್ನು ಮುಟ್ಟುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬಾದಾಮಿಗೆ ಬಂದಾಗ ಬೇಕಾಗುತ್ತದೆ.

ಆಳಕ್ಕೆ ಯಾಕೆ ಹೋಗಬೇಕು? ಮೇಲಿನ ಪದರದಲ್ಲಿ ಕುಡಿಯುವ ನೀರಿರುತ್ತದೆ. ಅದನ್ನು ಕಾಯಿಸುವುದು ತಪ್ಪು. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ಜೋಡಿ ಬಾವಿಗಳ ವ್ಯವಸ್ಥೆ ಸಾವಿರಾರು ಇವೆ. ಪ್ರಪಂಚದಲ್ಲಿ ಇರುವುದರಲ್ಲಿ ಬಹುಪಾಲು ಅಲ್ಲೇ ಇವೆ. ಆದರೆ ಮೇಲಿನ ಪದರಕ್ಕೆ ಬಿಡುವ ನೀರು ಸಾಮಾನ್ಯವಾಗಿ 25 ಡಿಗ್ರಿ ದಾಟಬಾರದು ಎಂಬ ನಿಯಮ ಅವರಲ್ಲಿದೆ. 70, 80 ಡಿಗ್ರಿಯ ನೀರು ಇಡಬೇಕಾದರೆ ಆಳಕ್ಕೆ, ಯಾರೂ ಕುಡಿಯದ ಉಪ್ಪು ನೀರಿನ ಪದರಕ್ಕೆ ಇಳಿಯಬೇಕು. ಆಳದಲ್ಲಿ ನೆಲ ತಾನಾಗಿಯೇ ಸ್ವಲ್ಪ ಬೆಚ್ಚಗಿರುತ್ತದೆ, ಸೋರಿಕೆ ಕಡಿಮೆ. ಪದರದ ಮೇಲೆ ಜೇಡಿಯ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು. ಬಿಸಿ ನೀರು ಹಗುರ. ಮುಚ್ಚಳ ಇಲ್ಲದಿದ್ದರೆ ಮೇಲೇರಿ ಹೋಗುತ್ತದೆ.

ಜರ್ಮನಿಯಲ್ಲೇ ನೊಯ್‌ಬ್ರಾಂಡೆನ್‌ಬುರ್ಗ್ ಎಂಬ ಊರಿದೆ. ಅಲ್ಲಿ 1,200 ಮೀಟರಿಗಿಂತ ಆಳದ ಮರಳುಗಲ್ಲನ್ನು ಬಳಸಿದ್ದಾರೆ. ಅಲ್ಲಿನ ನೀರಿನ ಸಹಜ ಉಷ್ಣತೆಯೇ 55 ಡಿಗ್ರಿ ಹತ್ತಿರ. ಮೊದಲು ಭೂಮಿಯ ಬಿಸಿಯನ್ನು ತೆಗೆಯಲು ಕೊರೆದ ಬಾವಿಗಳವು. ಆಮೇಲೆ ಊರಿನ ವಿದ್ಯುತ್ ಸ್ಥಾವರದಲ್ಲಿ ಬೇಸಿಗೆಯಲ್ಲಿ ಉಳಿಯುವ ಬಿಸಿಯನ್ನು ಇಡಲು ಅವನ್ನೇ ಮಾರ್ಪಡಿಸಿದರು. ಕೊರೆಯುವ ಖರ್ಚು ಹೊಸದಾಗಿ ಬರಲಿಲ್ಲ. ಹಳೆಯ ಬಾವಿಗೆ ಹೊಸ ಕೆಲಸ ಕೊಡುವ ಈ ರೀತಿ ನನಗೆ ಬಹಳ ಇಷ್ಟ.

ಇದೆಲ್ಲಾ ಶುರುವಾದದ್ದು ಎಲ್ಲಿ ಗೊತ್ತಾ? ಚೀನಾದ ಶಾಂಘೈನಲ್ಲಿ, 1960ರ ದಶಕದಲ್ಲಿ. ಅಲ್ಲಿನ ಬಟ್ಟೆ ಗಿರಣಿಗಳು ಅಂತರ್ಜಲವನ್ನು ಎತ್ತಿ ಎತ್ತಿ ಊರಿನ ನೆಲವೇ ಕುಸಿಯತೊಡಗಿತ್ತು. ಕುಸಿತ ನಿಲ್ಲಿಸಲು ಮೇಲಿನ ತಣ್ಣೀರನ್ನು ಬಾವಿಗಳ ಮೂಲಕ ನೆಲಕ್ಕೆ ಇಳಿಸಿದರು. ತಿಂಗಳುಗಳ ನಂತರ ಎತ್ತಿದಾಗ ಆ ನೀರು ಇನ್ನೂ ತಣ್ಣಗಿತ್ತು. ಅದನ್ನೇ ಗಿರಣಿ ತಂಪು ಮಾಡಲು ಬಳಸಿಕೊಂಡರು. ನೆಲ ಉಳಿಸಲು ಮಾಡಿದ ಕೆಲಸದಿಂದ ತಂಪಿನ ಉಗ್ರಾಣ ಸಿಕ್ಕಿತು.

ಸುಲಭ ಎಂದು ಯಾರೂ ತಿಳಿಯಬೇಡಿ. ಇಲ್ಲಿ ತೊಂದರೆ ಕೊಡುವುದು ನೀರಿನೊಳಗೆ ಕರಗಿರುವ ವಸ್ತುಗಳು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1980ರ ದಶಕದಲ್ಲಿ ಸೇಂಟ್ ಪಾಲ್ ಊರಿನಲ್ಲಿ ಒಂದು ದಿಟ್ಟ ಪ್ರಯೋಗ ಮಾಡಿತು. 180ರಿಂದ 240 ಮೀಟರ್ ಆಳದ ಮರಳುಗಲ್ಲಿಗೆ 100 ಡಿಗ್ರಿಗಿಂತ ಬಿಸಿಯಾದ ನೀರನ್ನು ಒತ್ತಡದಲ್ಲಿ ಇಳಿಸಿದರು. ಹಾಕಿದ ಬಿಸಿಯಲ್ಲಿ ಸುಮಾರು 60 ಶೇಕಡಾ ವಾಪಸ್ ಬಂತು. ಮೊದಲ ಸಲಕ್ಕೆ ಅದು ಒಳ್ಳೆಯ ಫಲವೇ. ಆದರೆ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸುಣ್ಣ ಕಟ್ಟಿತು. ನಮ್ಮ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತದಲ್ವಾ, ಅದೇ ಸುಣ್ಣ. ಸಕ್ಕರೆ ಉಪ್ಪು ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತವೆ. ಈ ಸುಣ್ಣದ ಗುಣ ತಿರುವುಮುರುವು. ನೀರು ಕಾದಷ್ಟೂ ಅದು ಹೊರಗೆ ಬಂದು ಕೂರುತ್ತದೆ. ಕೊನೆಗೆ ಅವರು ನೀರನ್ನು ಮೆದುಗೊಳಿಸುವ ಯಂತ್ರ ಕೂಡಿಸಿ ಪ್ರಯೋಗ ಮುಂದುವರಿಸಿದರು.

ಸುಣ್ಣ ಒಂದೇ ಅಲ್ಲ. ಆಳದ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಅದಕ್ಕೆ ಸ್ವಲ್ಪ ಗಾಳಿ ತಾಗಿದರೂ ತುಕ್ಕಿನ ಕೆಸರಾಗಿ ಬಾವಿಯ ಜಾಲರಿಯನ್ನು ಮುಚ್ಚುತ್ತದೆ. ಹಾಗಾಗಿ ಇಡೀ ಕೊಳವೆ ವ್ಯವಸ್ಥೆಯನ್ನು ಒತ್ತಡದಲ್ಲಿ, ಗಾಳಿ ಒಳಬರದಂತೆ ಕಾಯಬೇಕು. ಕೆಲವು ಕಡೆ ನೈಟ್ರೋಜನ್ ತುಂಬುತ್ತಾರೆ. ಉಪ್ಪು ನೀರಿನ ಪದರಕ್ಕೆ ಸಿಹಿ ನೀರು ಬಿಟ್ಟರೆ ಕಲ್ಲಿನ ಸಂದಿನಲ್ಲಿರುವ ಜೇಡಿ ಉಬ್ಬಿಕೊಂಡು ದಾರಿಯನ್ನು ಕಟ್ಟಬಹುದು. ಅದಕ್ಕೇ ಎತ್ತಿದ ನೀರನ್ನೇ ವಾಪಸ್ ಬಿಡುವುದು. ಇನ್ನು 80 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಸುಮಾರು ಮೂರು ಪಟ್ಟು ತೆಳ್ಳಗೆ ಹರಿಯುತ್ತದೆ. ಪದರದ ಮೇಲುಭಾಗದಲ್ಲಿ ಅದು ಬೇಗ ಮುಂದೆ ಹೋಗುತ್ತದೆ, ಕೆಳಗೆ ಹಿಂದೆ ಬೀಳುತ್ತದೆ. ಎತ್ತುವಾಗ ಬಿಸಿಯ ಜೊತೆ ಕೆಳಗಿನ ತಣ್ಣೀರೂ ಬೆರೆತು ಬರುತ್ತದೆ. ನಷ್ಟದಲ್ಲಿ ದೊಡ್ಡ ಪಾಲು ಇದರಿಂದಲೇ.

ಮೊದಲ ವರ್ಷ ಫಲ ಕಡಿಮೆ ಇರುತ್ತದೆ. ಸುತ್ತಲಿನ ಕಲ್ಲು ಕಾಯಬೇಕಲ್ವಾ? ವರ್ಷದಿಂದ ವರ್ಷಕ್ಕೆ ಅದು ಏರುತ್ತದೆ. ತಾಳ್ಮೆ ಇಲ್ಲದವರು ಇದಕ್ಕೆ ಕೈ ಹಾಕಬಾರದು.

ಈಗ ನಮ್ಮ ಊರಿಗೆ ಬರೋಣ. ಬಾಗಲಕೋಟೆಯಲ್ಲಿ ಮರಳುಗಲ್ಲಿಗೇನು ಕಡಿಮೆ? ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲಾ ಅದೇ ಕಲ್ಲು. ಹಾಗಾದರೆ ಬರ್ಲಿನ್‌ನ ಕೆಲಸವನ್ನು ಇಲ್ಲೂ ಮಾಡಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ. ಆ ಕೆಲಸ ಇಲ್ಲಿ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿದರೆ ನಮಗೆ ಯಾವುದು ಆಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಬಾದಾಮಿಯ ಗುಹೆಗಳಿಗೆ ಹೋದಾಗ ಕಲ್ಲನ್ನು ಹತ್ತಿರದಿಂದ ನೋಡಿ. ಗೋಡೆಯಲ್ಲಿ ಓರೆಯಾಗಿ ಸಾಗುವ ಪದರಗಳು ಕಾಣುತ್ತವೆ. ಕೆಲವು ಬಂಡೆಗಳ ಮೇಲೆ ನೀರಿನ ಅಲೆಯ ಗುರುತು ಹಾಗೇ ಉಳಿದಿದೆ. ಒಂದು ಕಾಲದಲ್ಲಿ ಇದು ಹರಿಯುವ ನೀರು ತಂದು ಹಾಕಿದ ಸಡಿಲ ಮರಳು. ಆಗ ಇದರಲ್ಲಿ ಮೂರನೇ ಒಂದು ಪಾಲು ಖಾಲಿ ಜಾಗವೇ ಇದ್ದಿರಬೇಕು. ಆದರೆ ಅದು ಎಷ್ಟು ಹಿಂದಿನ ಮಾತು ಗೊತ್ತೇ? ಚಿಪ್ಪು, ಮೂಳೆ ಇರುವ ಜೀವಿಗಳು ಭೂಮಿಗೆ ಬರುವುದಕ್ಕೂ ಬಹಳ ಮೊದಲು. ಬರ್ಲಿನ್‌ನ ಮರಳುಗಲ್ಲಿಗೆ ಸುಮಾರು 20 ಕೋಟಿ ವರ್ಷ. ನಮ್ಮದು 50 ಕೋಟಿ ವರ್ಷಗಳಿಗಿಂತ ಎಷ್ಟೋ ಹಳೆಯದು. ಇಷ್ಟು ಕಾಲ ಹೂತು, ಒತ್ತಿ, ಬೆಂದು, ಮರಳಿನ ಕಾಳುಗಳು ಒಂದಕ್ಕೊಂದು ಅಂಟಿವೆ. ಕಾಳು ಕಾಳು ತಾಗುವ ಕಡೆ ಸಿಲಿಕಾ ಕರಗಿ, ಪಕ್ಕದ ಸಂದಿನಲ್ಲಿ ಮತ್ತೆ ಗಟ್ಟಿಯಾಗಿ, ಸಂದನ್ನೇ ತುಂಬಿಬಿಟ್ಟಿದೆ. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಅಲ್ಲಿನ ಕೆತ್ತನೆಯ ಅಂಚು ಇವತ್ತಿಗೂ ಚೂಪಾಗಿದೆ. ಕಲ್ಲು ಅಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ ಈ ತುಂಬಿದ ಸಂದುಗಳೇ. ಚಾಲುಕ್ಯರ ಶಿಲ್ಪಿಗಳಿಗೆ ಅನುಕೂಲ ಆದ ಗುಣವೇ ಬಿಸಿ ನೀರು ಇಡುವವರಿಗೆ ಅಡ್ಡಿ.

ಈ ಭಾಗದ ಶಿಲೆಗಳಿಗೆ ನಮ್ಮ ಕಲಾದಗಿ ಊರಿನ ಹೆಸರನ್ನೇ ಇಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1876ರಲ್ಲಿ ಪ್ರಕಟವಾದ ಅವರ ವರದಿಯಿಂದ ಇಂದಿಗೂ ಪ್ರಪಂಚದ ಭೂವಿಜ್ಞಾನಿಗಳು ಕಲಾದಗಿ ಎಂದೇ ಕರೆಯುತ್ತಾರೆ. ಕೆಳಗೆ ಇರುವುದು ಬಾಗಲಕೋಟೆ ಗುಂಪು. ಅದರಲ್ಲಿ ಬೆಣಚುಕಲ್ಲು, ಸುಣ್ಣಕಲ್ಲು, ಡಾಲಮೈಟ್ ಎಲ್ಲಾ ಇವೆ, ಮಡಚಿಕೊಂಡು ಓರೆಯಾಗಿವೆ. ನಮ್ಮ ಸಿಮೆಂಟ್ ಕಾರ್ಖಾನೆಗಳಿಗೆ ಕಲ್ಲು ಬರುವುದು ಅದರಿಂದ. ಅದರ ಮೇಲೆ ಸಪಾಟಾಗಿ ಕೂತಿರುವುದು ಬಾದಾಮಿ ಗುಂಪು. ಗುಹೆಗಳನ್ನು ಕೊರೆದ ಮರಳುಗಲ್ಲು ಇದೇ. ಎರಡರಲ್ಲೂ ನೀರು ಸಿಗುವುದು ಕಾಳಿನ ಸಂದಿನಲ್ಲಿ ಅಲ್ಲ, ಬಿರುಕಿನಲ್ಲಿ. ಬಾದಾಮಿ ಹತ್ತಿರದ ಮಹಾಕೂಟದ ಹೊಂಡಕ್ಕೆ ವರ್ಷವಿಡೀ ಬರುವ ಒರತೆ ಬಿರುಕಿನ ನೀರು. ನಿಮ್ಮ ಹೊಲದಲ್ಲಿ ಒಂದು ಬೋರಿಗೆ ಎರಡು ಇಂಚು ನೀರು ಬಿದ್ದು, 50 ಅಡಿ ಆಚೆಯ ಬೋರಿನಲ್ಲಿ ಬರೀ ಧೂಳು ಬರುವುದೂ ಇದಕ್ಕೇ. ಕೃಷ್ಣೆ ದಾಟಿ ವಿಜಯಪುರದ ಕಡೆ ಹೋದರೆ ಕರಿಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅಲ್ಲಿಯೂ ಕಥೆ ಬಿರುಕಿನದೇ.

ಬಿರುಕಿಗೆ ಬಿಸಿ ನೀರು ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಹಿಡಿಯುವುದು ಕಷ್ಟ. ಪಕ್ಕದ ಹೊಲದ ಬೋರಿಗೆ ಹೋಗಬಹುದು. ನಮ್ಮಲ್ಲಿ ಕುಡಿಯುವ ನೀರೂ ಇದೇ ಬಿರುಕುಗಳಿಂದ ಬರುತ್ತದೆ. ಜಿಲ್ಲೆಯ ಕೆಲವು ಕಡೆ ಮೊದಲೇ ಫ್ಲೋರೈಡ್ ತೊಂದರೆ ಇದೆ. ನೀರನ್ನು ಕಾಯಿಸಿದರೆ ಅದು ಕಲ್ಲಿನಿಂದ ಕರಗಿಸಿಕೊಳ್ಳುವ ವಸ್ತುಗಳು ಬದಲಾಗುತ್ತವೆ. ಇಂಥ ನೀರಿನ ಜೊತೆ ಆಟ ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಬಾವಿ ಜೋಡಿಯ ವಿಧಾನ ನಮ್ಮ ದೇಶಕ್ಕೇ ಬೇಡ ಎಂದಲ್ಲ. ಗೋದಾವರಿ ಕಣಿವೆಯ ಗೊಂಡ್ವಾನ ಕಲ್ಲು, ರಾಜಸ್ಥಾನದ ಬಾಡಮೇರ್‌ನ ಕಲ್ಲು ನಮ್ಮದಕ್ಕಿಂತ ಎಳೆಯವು, ಸಂದು ಇರುವಂಥವು. ಅದನ್ನು ಅಲ್ಲಿನವರು ನೋಡಲಿ.

ನಮಗೆ ಆಗುವುದು ಯಾವುದು? ನೀರನ್ನು ಬಿಟ್ಟು ಕಲ್ಲನ್ನೇ ಕಾಯಿಸುವುದು.

ಒಂದು ಎಕರೆಗಿಂತ ಕಡಿಮೆ ಜಾಗ ಸಾಕು. ಅದರಲ್ಲಿ ಸಾಲುಸಾಲಾಗಿ, ಒಂದರ ಪಕ್ಕ ಒಂದು, ನಾಲ್ಕು ಮೀಟರ್ ಅಂತರದಲ್ಲಿ ಬೋರ್ ಕೊರೆಯಬೇಕು. ಪ್ರತಿ ಬೋರಿನೊಳಗೆ ಪೈಪನ್ನು ಕೆಳಗೆ ಇಳಿಸಿ, ತಳದಲ್ಲಿ ತಿರುಗಿಸಿ, ಮೇಲೆ ತರಬೇಕು. ಪೈಪಿನ ಸುತ್ತಲಿನ ಜಾಗವನ್ನು ಬೆಂಟೊನೈಟ್ ಜೇಡಿ ಮತ್ತು ಮರಳಿನ ಗಾರೆಯಿಂದ ತುಂಬಬೇಕು. ಆಮೇಲೆ ಪೈಪಿನಲ್ಲಿ ಬಿಸಿ ನೀರು ಸುತ್ತಿಸಿದರೆ ಕಲ್ಲು ಕಾಯುತ್ತದೆ. ಬೇಕಾದಾಗ ತಣ್ಣೀರು ಸುತ್ತಿಸಿದರೆ ಬಿಸಿಯಾಗಿ ಬರುತ್ತದೆ. ಪೈಪಿನ ನೀರು ಅಂತರ್ಜಲವನ್ನು ಮುಟ್ಟುವುದೇ ಇಲ್ಲ. ಸುಣ್ಣ, ಕಬ್ಬಿಣ, ಜೇಡಿ ಉಬ್ಬುವುದು, ಯಾವ ತಲೆನೋವೂ ಇಲ್ಲ.

ಇದೂ ಹೊಸದಲ್ಲ. ಕೆನಡಾದ ಓಕೊಟೋಕ್ಸ್ ಊರಿನಲ್ಲಿ 2007ರಲ್ಲಿ 52 ಮನೆಗಳಿಗೆ ಹೀಗೆ ಮಾಡಿದರು. 35 ಮೀಟರ್ ಆಳದ 144 ಬೋರ್. ಮನೆಗಳ ಗ್ಯಾರೇಜ್ ಮಾಡಿನ ಮೇಲೆ ಸೂರ್ಯನ ಬಿಸಿ ಹಿಡಿಯುವ ಫಲಕಗಳು. ಬೇಸಿಗೆಯ ಬಿಸಿಯನ್ನು ನೆಲಕ್ಕೆ ಹಾಕಿ ಹಿಮದ ಚಳಿಗಾಲದಲ್ಲಿ ತೆಗೆದರು. ಐದನೇ ವರ್ಷದ ಹೊತ್ತಿಗೆ ಮನೆ ಬೆಚ್ಚಗಿಡಲು ಬೇಕಾದ ಬಿಸಿಯಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಸೂರ್ಯನದೇ ಆಗಿತ್ತು. ಸ್ವೀಡನ್‌ನ ಎಮ್ಮಬೊಡ ಊರಿನ ಒಂದು ಪಂಪ್ ಕಾರ್ಖಾನೆಯಲ್ಲಿ 2010ರಿಂದ ಎರಕದ ಕುಲುಮೆಗಳ ಬಿಸಿಯನ್ನು ಗಟ್ಟಿ ಬಂಡೆಯಲ್ಲಿ ಇಡುತ್ತಾರೆ. 150 ಮೀಟರ್ ಆಳದ 140 ಬೋರ್. ನಮಗೆ ಹತ್ತಿರದ ಉದಾಹರಣೆ ಈ ಎರಡನೆಯದು. ಬಂಡೆ ಗಟ್ಟಿ, ಬಿಸಿ ಕೊಡುವುದು ಕಾರ್ಖಾನೆ.

ನಮ್ಮ ಲೆಕ್ಕ ನೋಡೋಣ. ನಾಲ್ಕು ಮೀಟರ್ ಅಂತರದಲ್ಲಿ 100 ಬೋರ್, ಒಂದೊಂದು 60 ಮೀಟರ್ ಆಳ. ಕಲ್ಲಿನ ಗಾತ್ರ 96,000 ಘನ ಮೀಟರ್. 30 ಡಿಗ್ರಿ ಏರಿಸಿದರೆ ಸುಮಾರು 16ರಿಂದ 17 ಲಕ್ಷ ಯೂನಿಟ್ ಬಿಸಿ ಒಳಗಿರುತ್ತದೆ. ಎಲ್ಲಾ ವಾಪಸ್ ಬರುವುದಿಲ್ಲ. ಬಾದಾಮಿ ಕಲ್ಲು ಬಹುಪಾಲು ಕ್ವಾರ್ಟ್ಜ್, ಅಂದರೆ ಬೆಣಚು. ಬಿಸಿಯನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ ಬೇಗ ಅಂಚಿನಿಂದ ಬಿಡುತ್ತದೆ. ಈ ಗಾತ್ರದಲ್ಲಿ ಅರ್ಧ ಸಿಕ್ಕರೂ ಸಮಾಧಾನ ಪಡಬೇಕು. 400 ಬೋರಿನ ಗಾತ್ರಕ್ಕೆ ಹೋದರೆ ಪಾಲು ಏರುತ್ತದೆ.

ಈ ಬಿಸಿ ಎಲ್ಲಿಂದ ಬರಬೇಕು? ವಿಜಯಪುರ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರದಿಂದ ತರಬಹುದಲ್ಲ ಎಂದು ಹಲವರು ಹೇಳುತ್ತಾರೆ. 2,400 ಮೆಗಾವಾಟ್ ಸ್ಥಾವರ. ಸುಟ್ಟ ಕಲ್ಲಿದ್ದಲಿನ ಬಿಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಆಗದೆ ಗಾಳಿಗೆ ಹೋಗುತ್ತದೆ. ಆದರೆ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್‌ನಿಂದ ಬರುವ ನೀರು 40 ಡಿಗ್ರಿ ಆಸುಪಾಸು ಮಾತ್ರ. ನಮ್ಮ ನೆಲವೇ 27, 28 ಡಿಗ್ರಿ ಇರುತ್ತದೆ. ಹತ್ತು ಹನ್ನೆರಡು ಡಿಗ್ರಿಯ ವ್ಯತ್ಯಾಸಕ್ಕಾಗಿ ನೆಲ ಕೊರೆಯುವುದರಲ್ಲಿ ಅರ್ಥ ಇಲ್ಲ. ಬಿಸಿ ಎಷ್ಟಿದೆ ಎಂಬುದರ ಜೊತೆ ಎಷ್ಟು ಡಿಗ್ರಿಯದು ಎಂಬುದನ್ನೂ ಕೇಳಬೇಕು.

ಸಕ್ಕರೆ ಕಾರ್ಖಾನೆಯ ವಿಷಯ ಬೇರೆ. ಮುಧೋಳ, ಜಮಖಂಡಿ ಕಡೆ ಎಷ್ಟು ಕಾರ್ಖಾನೆಗಳಿವೆ, ನಿಮಗೇ ಗೊತ್ತು. ಬಾಯ್ಲರಿನ ಚಿಮಣಿಗೆ ಹೋಗುವ ಹೊಗೆ 140, 150 ಡಿಗ್ರಿ ಇರುತ್ತದೆ. ಅದರಿಂದ 80, 90 ಡಿಗ್ರಿಯ ನೀರು ಮಾಡಬಹುದು. ಕಬ್ಬು ನುರಿಸುವ ಹಂಗಾಮು ದೀಪಾವಳಿ ಆಸುಪಾಸಿನಲ್ಲಿ ಶುರುವಾಗಿ ಫೆಬ್ರವರಿ, ಮಾರ್ಚ್‌ಗೆ ಮುಗಿಯುತ್ತದೆ. ನಾಲ್ಕೈದು ತಿಂಗಳು ಹಗಲು ರಾತ್ರಿ ಬಿಸಿ. ಆಮೇಲೆ ಬಾಯ್ಲರ್ ತಣ್ಣಗೆ. ಸರಿಯಾಗಿ ಆಗಲೇ ಬೇಸಿಗೆ ಬರುತ್ತದೆ.

ಈಗ ಆರಂಭದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬಿಸಿಯಿಂದಲೇ ತಂಪು ಮಾಡುವ ಯಂತ್ರ ಇದೆ. ಅದರೊಳಗೆ ನೀರು ಮತ್ತು ಲಿಥಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣ ಇರುತ್ತದೆ. 80ರಿಂದ 95 ಡಿಗ್ರಿಯ ಬಿಸಿ ನೀರು ಕೊಟ್ಟರೆ 7 ಡಿಗ್ರಿಯ ತಣ್ಣೀರು ಸಿಗುತ್ತದೆ. ಹತ್ತು ಪಾಲು ಬಿಸಿಗೆ ಸುಮಾರು ಏಳು ಪಾಲು ತಂಪು. ಕಂಪ್ರೆಸರ್ ಇಲ್ಲ, ಪಂಪುಗಳಿಗೆ ಮಾತ್ರ ಸ್ವಲ್ಪ ಕರೆಂಟ್ ಬೇಕು. 7 ಡಿಗ್ರಿಯಲ್ಲಿ ಐಸ್ ಆಗುವುದಿಲ್ಲ. ಆದರೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆ, ನಮ್ಮ ತರಕಾರಿ ಕೆಡದಂತೆ ಇಡಲು ಇಂಥ ತಂಪು ಸಾಕು. ಯುರೋಪಿನವರು ಬೇಸಿಗೆಯ ಬಿಸಿಯನ್ನು ಚಳಿಗಾಲಕ್ಕೆ ಇಡುತ್ತಾರೆ. ನಾವು ಹಂಗಾಮಿನ ಬಿಸಿಯನ್ನು ಬೇಸಿಗೆಯ ತಂಪಿಗಾಗಿ ಇಡಬಹುದು.

ಇದರಲ್ಲಿ ಒಂದು ಗಂಟು ಇದೆ, ಮುಚ್ಚಿಡುವುದಿಲ್ಲ. ಮೇಲಿನ ಲೆಕ್ಕದಂತೆ 30 ಡಿಗ್ರಿ ಏರಿಸಿದರೆ 28 ಡಿಗ್ರಿಯ ಕಲ್ಲು 58ಕ್ಕೆ ಮಾತ್ರ ಬರುತ್ತದೆ. ತಂಪಿನ ಯಂತ್ರಕ್ಕಾದರೆ ಕಲ್ಲನ್ನು ಇನ್ನೂ ಜಾಸ್ತಿ, 80ರ ಹತ್ತಿರ ಕಾಯಿಸಬೇಕು. ಹಾಗೆ ಕಾಯಿಸಿದರೂ ಕಲ್ಲಿನಿಂದ ವಾಪಸ್ ಬರುವ ನೀರು ದಿನ ಕಳೆದಂತೆ ಆರುತ್ತಾ ಹೋಗುತ್ತದೆ. ಏಪ್ರಿಲ್‌ನಲ್ಲಿ 80 ಇದ್ದದ್ದು ಮೇ ಕೊನೆಗೆ 60ಕ್ಕೆ ಇಳಿದರೆ ತಂಪಿನ ಯಂತ್ರ ಸೊರಗುತ್ತದೆ. ಹಾಗಾಗಿ ಎರಡು ಹಂತದ ಬಳಕೆ ಯೋಚಿಸಬೇಕು. ಬಿಸಿ ಜಾಸ್ತಿ ಇರುವಾಗ ತಂಪಿಗೆ. 60 ಡಿಗ್ರಿಗೆ ಇಳಿದ ಮೇಲೆ ಒಣಗಿಸುವುದಕ್ಕೆ. ತೇರದಾಳದ ಅರಿಶಿನ, ಮೆಕ್ಕೆಜೋಳ, ಮೆಣಸಿನಕಾಯಿ, ಇವಕ್ಕೆ 50, 60 ಡಿಗ್ರಿಯ ಬಿಸಿ ಗಾಳಿ ಸಾಕು. ಇಳಕಲ್, ರಬಕವಿ, ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ದಿನಾ ಬಿಸಿ ನೀರು ಬೇಕು. ಕಟ್ಟಿಗೆ ಉರಿಸಿ ನೀರನ್ನು 28ರಿಂದ ಕಾಯಿಸುವ ಬದಲು 50ರಿಂದ ಕಾಯಿಸಿದರೂ ಎಷ್ಟೋ ಕಟ್ಟಿಗೆ ಉಳಿಯುತ್ತದೆ. ನನ್ನ ಮಟ್ಟಿಗೆ ಮೊದಲ ಪ್ರಯೋಗ ಒಣಗಿಸುವುದರಿಂದಲೇ ಆಗಬೇಕು. ಅದು ಕಡಿಮೆ ಡಿಗ್ರಿಯಲ್ಲಿ ನಡೆಯುತ್ತದೆ, ಕೆಟ್ಟರೂ ಸಂಗ್ರಹದ ಮಾಲು ಹಾಳಾಗುವ ಭಯ ಇಲ್ಲ.

ಉಪನ್ಯಾಸ ಮುಗಿದ ಮೇಲೆ ಹಿರಿಯ ರೈತರೊಬ್ಬರು ಕೇಳಿದರು: "ಸರ್, ನಮ್ಮ ಹೊಲ್ದಾಗ ಬತ್ತಿದ ಬೋರು ಮೂರು ಅದಾವ್ರಿ. ಅವು ಈ ಕೆಲಸಕ್ಕ ನಡಿಯಾಂಗಿಲ್ಲೇನ್ರಿ?"

ಆಗುವುದಿಲ್ಲ ಯಜಮಾನರೇ. ಮೂರೂ ದೂರ ದೂರ ಇರುತ್ತವೆ. ಒಂಟಿ ಬೋರಿನ ಸುತ್ತ ಕಾಯುವ ಕಲ್ಲು ತೆಳ್ಳಗೆ, ಅಂಚೇ ಜಾಸ್ತಿ. ಹಾಕಿದ ಬಿಸಿ ಉಳಿಯುವುದಿಲ್ಲ. ಬೋರುಗಳು ಗುಂಪಾಗಿ ಹತ್ತಿರ ಇದ್ದಾಗ ಒಂದರಿಂದ ಸೋರಿದ್ದನ್ನು ಇನ್ನೊಂದು ಹಿಡಿಯುತ್ತದೆ. ಬತ್ತಿದ ಬೋರಿನ ಬಾಯಿಯನ್ನು ದಯವಿಟ್ಟು ಗಟ್ಟಿಯಾಗಿ ಮುಚ್ಚಿಸಿ, ಮಕ್ಕಳು ಓಡಾಡುವ ಜಾಗ. ಆದರೆ ಅವುಗಳಿಂದ ಒಂದು ಉಪಕಾರ ಇದೆ. ಎಷ್ಟು ಅಡಿಗೆ ಯಾವ ಕಲ್ಲು ಸಿಕ್ಕಿತು, ಎಲ್ಲಿ ಬಿರುಕು ಬಂತು ಎಂದು ಬೋರ್ ಗಾಡಿಯವರು ಹೇಳಿದ್ದು ನೆನಪಿದ್ದರೆ ಬರೆದಿಡಿ. ನೀರು ಬೀಳದ ಜಾಗವೇ ಬಿಸಿ ಇಡಲು ಒಳ್ಳೆಯ ಜಾಗ. ಹರಿಯುವ ನೀರು ಇದ್ದರೆ ಬಿಸಿಯನ್ನು ಕೊಂಡೊಯ್ಯುತ್ತದೆ.

ಒಬ್ಬ ವಿದ್ಯಾರ್ಥಿನಿ ಪೈಪಿನ ಬಗ್ಗೆ ಕೇಳಿದಳು. ಬೋರಿಗೆ ಇಳಿಸುವ ಕಪ್ಪು ಪೈಪೇ ಸಾಕಾಗುವುದಿಲ್ಲವೇ ಎಂದು. ಸಾಕಾಗುವುದಿಲ್ಲ ತಂಗಿ. ಆ ಕಪ್ಪು ಪೈಪ್ ಎಚ್‌ಡಿಪಿಇ ಎಂಬ ಸಾಧಾರಣ ಪಾಲಿಥಿನ್, 60 ಡಿಗ್ರಿ ದಾಟಿದರೆ ಮೆತ್ತಗಾಗಿ ಆಯುಷ್ಯ ಕಳೆದುಕೊಳ್ಳುತ್ತದೆ. 80, 90 ಡಿಗ್ರಿ ತಡೆಯಲು ಪೆಕ್ಸ್ ಎಂಬ ಬೇರೆ ಜಾತಿಯ ಪಾಲಿಥಿನ್ ಪೈಪ್ ಬೇಕು. ಬೆಲೆ ಜಾಸ್ತಿ. ಬೋರ್ ಮುಚ್ಚಿದ ಮೇಲೆ ಪೈಪ್ ಬದಲಿಸಲು ಆಗುವುದಿಲ್ಲ, ಆದ್ದರಿಂದ ಅಲ್ಲಿ ಉಳಿತಾಯ ಮಾಡಬಾರದು.

ಬಾದಾಮಿ, ಪಟ್ಟದಕಲ್ಲಿನ ಹತ್ತಿರ ಕೊರೆಯಬಹುದೇ ಎಂದು ಇನ್ನೊಬ್ಬರು ಕೇಳಿದರು. ಬೇಡವೇ ಬೇಡ. ಸ್ಮಾರಕಗಳಿಂದ ದೂರ, ಕಾರ್ಖಾನೆಯ ಆವರಣದೊಳಗೆ ಮಾತ್ರ.

ಕೊನೆಗೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದವರೊಬ್ಬರು ಕೇಳಿದರು: "ನಾಳೆ ಶುರು ಮಾಡಬೇಕಂದ್ರ ಮೊದ್ಲ ಏನ್ ಮಾಡಬೇಕ್ರಿ ಸರ್?"

ಒಂದೇ ಒಂದು ಬೋರ್ ಕೊರೆಸಬೇಕು. ನೂರರ ಯೋಚನೆ ಆಮೇಲೆ. 60 ಮೀಟರ್ ಆಳ ಸಾಕು. ಕೊರೆಯುವಾಗ ಮೂರು ಮೀಟರಿಗೊಮ್ಮೆ ಕಲ್ಲಿನ ಪುಡಿ ತೆಗೆದಿಡಬೇಕು. ಪೈಪ್ ಇಳಿಸಿ, ಗಾರೆ ತುಂಬಿ, ಕೆಲವು ದಿನ ಹಾಗೇ ಬಿಡಬೇಕು. ನೀರು ಕಾಯಿಸದೆ ಸುಮ್ನೆ ಸುತ್ತಿಸಿ ನೆಲದ ಸಹಜ ಉಷ್ಣತೆ ಅಳೆಯಬೇಕು. ಆಮೇಲೆ ಹೀಟರ್ ಹಚ್ಚಿ, ಪ್ರತಿ ಮೀಟರಿಗೆ 50 ವಾಟ್‌ನಂತೆ, ಅಂದರೆ ಒಟ್ಟು 3 ಕಿಲೊವಾಟ್ ಬಿಸಿಯನ್ನು ಎರಡು ಮೂರು ದಿನ ಬಿಡದೆ ಕೊಡಬೇಕು. ಒಳಗೆ ಹೋಗುವ ಮತ್ತು ಹೊರಗೆ ಬರುವ ನೀರಿನ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆಯಬೇಕು. ಆ ಏರಿಕೆಯ ಗೆರೆಯಿಂದ ಕಲ್ಲು ಬಿಸಿಯನ್ನು ಎಷ್ಟು ವೇಗದಲ್ಲಿ ಒಯ್ಯುತ್ತದೆ ಎಂದು ಲೆಕ್ಕ ಹಾಕಬಹುದು. ಗೆರೆ ನಡುವೆಯೇ ಚಪ್ಪಟೆಯಾಗಿ ನಿಂತುಬಿಟ್ಟರೆ ಕೆಳಗೆ ನೀರು ಹರಿಯುತ್ತಿದೆ ಎಂದು ಅನುಮಾನಿಸಬೇಕು, ಆ ಜಾಗ ಬಿಟ್ಟು ಬೇರೆ ಕಡೆ ನೋಡಬೇಕು. ಬೋರ್ ಗಾಡಿ ಇಲ್ಲೇ ಸಿಗುತ್ತದೆ. ಹೀಟರ್, ಪಂಪ್, ಥರ್ಮಾಮೀಟರ್ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇರುತ್ತವೆ. ಕರೆಂಟ್ ಹೋಗದ ಜಾಗ ಬೇಕು, ಅದು ನಿಮ್ಮ ಕಾರ್ಖಾನೆಯಲ್ಲೇ ಇದೆ. ಹಂಗಾಮು ನಡೆಯುತ್ತಿರುವಾಗಲೇ ಮಾಡಿ, ಆಗ ಚಿಮಣಿಯ ಹೊಗೆಯ ಉಷ್ಣತೆಯನ್ನೂ ಜೊತೆಗೇ ಅಳೆಯಬಹುದು.